ಸುಣ್ಣಕಲ್ಲಿನ ಬಿರುಕುಗಳನ್ನು ಕೊರೆಯುವ ಮೊದಲೇ ಅಂದಾಜಿಸುವುದು

ಒಂದೇ ಸುಣ್ಣಕಲ್ಲಿನ ಪದರಕ್ಕೆ ಅರ್ಧ ಕಿಲೋಮೀಟರ್ ಅಂತರದಲ್ಲಿ ಎರಡು ಬಾವಿ ಇಳಿಸಿದರೆ ಒಂದು ಬಾವಿ ದಿನಕ್ಕೆ ಸಾವಿರಾರು ಬ್ಯಾರೆಲ್ ತೈಲ ಕೊಡಬಹುದು, ಇನ್ನೊಂದು ತೊಟ್ಟಿಕ್ಕಬಹುದು. ಎರಡರಿಂದಲೂ ತೆಗೆದ ಕಲ್ಲಿನ ತುಣುಕುಗಳನ್ನು ಪ್ರಯೋಗಾಲಯದಲ್ಲಿಟ್ಟು ಅಳೆದರೆ ಅಂಕಿಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ವ್ಯತ್ಯಾಸವಿರುವುದು ಆ ತುಣುಕಿನಲ್ಲಿ ಸಿಗದ ಸಂಗತಿಯಲ್ಲಿ: ಬಂಡೆಯನ್ನು ಸೀಳಿಕೊಂಡು ಹೋಗಿರುವ ಸಹಜ ಬಿರುಕುಗಳಲ್ಲಿ. ಜಗತ್ತಿನ ತೈಲದ ಅರ್ಧಕ್ಕಿಂತ ಹೆಚ್ಚು ಪಾಲು ಸುಣ್ಣಕಲ್ಲು, ಡಾಲಮೈಟ್, ಚಾಕ್‌ನಂಥ ಕಾರ್ಬೊನೇಟ್ ಬಂಡೆಗಳಲ್ಲೇ ಇದೆ. 1908ರಲ್ಲಿ ತೈಲ ಚಿಮ್ಮಿದ ಇರಾನಿನ ಮಸ್ಜಿದ್ ಸುಲೇಮಾನ್, ಅದೇ ಅಸ್ಮಾರಿ ಸುಣ್ಣಕಲ್ಲಿನ ಗಚ್ಸಾರಾನ್, 1927ರಲ್ಲಿ ಪತ್ತೆಯಾದ ಇರಾಕಿನ ಕಿರ್ಕುಕ್, 1969ರಲ್ಲಿ ಉತ್ತರ ಸಮುದ್ರದಲ್ಲಿ ಸಿಕ್ಕ ಎಕೊಫಿಸ್ಕ್, ಇವೆಲ್ಲವೂ ಬಿರುಕುಗಳ ದಾರಿಯಲ್ಲೇ ತೈಲ ಹರಿಸಿದ ನಿಕ್ಷೇಪಗಳು.

ಬಿರುಕು ಇದೆಯೋ ಇಲ್ಲವೋ ಎಂದು ಕೇಳುತ್ತ ಕೂರುವುದರಲ್ಲಿ ಹೆಚ್ಚು ಪ್ರಯೋಜನವಿಲ್ಲ. ಗಟ್ಟಿ ಸುಣ್ಣಕಲ್ಲಿನಲ್ಲಿ ಬಿರುಕು ಇದ್ದೇ ಇರುತ್ತದೆ. ಅವುಗಳಲ್ಲಿ ಯಾವುವು ತೆರೆದಿವೆ, ಯಾವುವು ಒಂದಕ್ಕೊಂದು ಕೂಡಿಕೊಂಡಿವೆ, ಯಾವುವು ದ್ರವ ಹರಿಸುತ್ತವೆ ಎಂಬುದನ್ನು ಬಾವಿ ಇಲ್ಲದ ಜಾಗದಲ್ಲಿ ಹೇಳಬೇಕು. ಈ ಕೆಲಸದ ಕಷ್ಟವೆಲ್ಲ ಅಲ್ಲಿದೆ.

ಕೂದಲೆಳೆಯ ಲೆಕ್ಕ

ಬಿರುಕಿನ ಎರಡು ಮುಖಗಳ ನಡುವಿನ ತೆರಪು 0.1 ಮಿಲಿಮೀಟರ್, ಅಂದರೆ ಒಂದು ಕೂದಲೆಳೆಯಷ್ಟು, ಎಂದಿಟ್ಟುಕೊಳ್ಳೋಣ. ನುಣುಪಾದ ಸಮಾನಾಂತರ ಗೋಡೆಗಳ ನಡುವೆ ದ್ರವ ಹರಿಯುವಾಗ ಆ ಸೀಳಿನ ಪಾರಗಮ್ಯತೆ, ಎಂದರೆ ದ್ರವವನ್ನು ಸಾಗಗೊಡುವ ಗುಣ, ತೆರಪಿನ ವರ್ಗವನ್ನು 12ರಿಂದ ಭಾಗಿಸಿದಷ್ಟು. 0.1 ಮಿಲಿಮೀಟರಿಗೆ ಅದು ಸುಮಾರು 840 ಡಾರ್ಸಿ (ಪಾರಗಮ್ಯತೆಯ ಅಳತೆಮಾನ). ಬಿಗಿಯಾದ ಸುಣ್ಣಕಲ್ಲಿನ ಒಡಲಿನ, ಎಂದರೆ ಬಿರುಕುಗಳ ನಡುವಿನ ಸೀಳದ ಕಲ್ಲಿನ, ಪಾರಗಮ್ಯತೆ ಎಷ್ಟೋ ಸಲ ಒಂದು ಮಿಲಿಡಾರ್ಸಿಗೂ ಕಡಿಮೆ. ಇಂಥ ಬಿರುಕು ಮೀಟರಿಗೆ ಒಂದರಂತೆ ಇದ್ದರೆ ಇಡೀ ಬಂಡೆಗೆ ಬಿರುಕಿನ ದಿಕ್ಕಿನಲ್ಲಿ ಸಿಗುವ ಸರಾಸರಿ ಸುಮಾರು 84 ಮಿಲಿಡಾರ್ಸಿ. ತೆರಪನ್ನು ಅರ್ಧಕ್ಕಿಳಿಸಿ 0.05 ಮಿಲಿಮೀಟರ್ ಮಾಡಿದರೆ ಅದೇ ಸರಾಸರಿ ಎಂಟನೇ ಒಂದು ಭಾಗಕ್ಕೆ, ಸುಮಾರು 10 ಮಿಲಿಡಾರ್ಸಿಗೆ ಕುಸಿಯುತ್ತದೆ. ಹರಿವು ತೆರಪಿನ ಘನಕ್ಕೆ ಅನುಗುಣವಾಗಿ ಏರಿಳಿಯುವುದರಿಂದ ಇದಕ್ಕೆ ಘನ ನಿಯಮ ಎಂದು ಹೆಸರು. ಬಿರುಕುಗಳ ಸಂಖ್ಯೆಯನ್ನು ದುಪ್ಪಟ್ಟು ತಪ್ಪಾಗಿ ಎಣಿಸಿದರೆ ಉತ್ತರ ದುಪ್ಪಟ್ಟು ತಪ್ಪುತ್ತದೆ. ತೆರಪನ್ನು ದುಪ್ಪಟ್ಟು ತಪ್ಪಾಗಿ ಅಂದಾಜಿಸಿದರೆ ಎಂಟು ಪಟ್ಟು ತಪ್ಪುತ್ತದೆ. ಆದರೂ ವರದಿಗಳಲ್ಲಿ ಬಿರುಕಿನ ಎಣಿಕೆಗೆ ಪುಟಗಟ್ಟಲೆ ಜಾಗ ಸಿಗುತ್ತದೆ, ತೆರಪಿಗೆ ಒಂದು ಸಾಲು ಸಿಗುತ್ತದೆ. ಈ ರೂಢಿ ಬದಲಾಗಲೇಬೇಕು.

ಇದೇ ಲೆಕ್ಕದಲ್ಲಿ ಬಿರುಕುಗಳ ಖಾಲಿ ಜಾಗ ಬಂಡೆಯ ಗಾತ್ರದ 0.01 ಶೇಕಡಾ ಮಾತ್ರ. ಒಂದು ಘನ ಕಿಲೋಮೀಟರ್ ಬಂಡೆಯಲ್ಲಿ ಅದು ಒಂದು ಲಕ್ಷ ಘನ ಮೀಟರ್. ಒಡಲಿನ ರಂಧ್ರತೆ 10 ಶೇಕಡಾ ಇದ್ದರೆ ಅಲ್ಲಿರುವ ಜಾಗ ಹತ್ತು ಕೋಟಿ ಘನ ಮೀಟರ್, ಸಾವಿರ ಪಟ್ಟು ಹೆಚ್ಚು. ತೈಲದ ಕಣಜ ಒಡಲು, ಬಿರುಕು ಅದರ ದಾರಿ. ಈ ಎರಡರ ಹೊಂದಾಣಿಕೆಯ ಮೇಲೆ ನಿಕ್ಷೇಪಗಳನ್ನು ನಾಲ್ಕು ಬಗೆಯಾಗಿ ನೋಡುವುದು ರೂಢಿ. ಮೊದಲನೆಯದರಲ್ಲಿ ತೈಲ ಇರುವುದೂ ಹರಿಯುವುದೂ ಬಿರುಕಿನಲ್ಲೇ. ಅಂಥ ಬಾವಿ ಅಬ್ಬರದಿಂದ ಶುರುವಾಗಿ ಬೇಗ ಬರಿದಾಗುತ್ತದೆ. ಎರಡನೆಯದರಲ್ಲಿ ತೈಲ ಒಡಲಿನಲ್ಲಿದ್ದು ಹರಿಯಲು ಬಿರುಕೇ ಬೇಕು. ಮೂರನೆಯದರಲ್ಲಿ ಒಡಲೂ ಹರಿಸಬಲ್ಲದು, ಬಿರುಕು ನೆರವಾಗುತ್ತದೆ. ನಾಲ್ಕನೆಯದರಲ್ಲಿ ಖನಿಜ ತುಂಬಿ ಮುಚ್ಚಿಹೋದ ಬಿರುಕುಗಳು ಅಡ್ಡಗೋಡೆಗಳಾಗುತ್ತವೆ. ನಿಮ್ಮ ನಿಕ್ಷೇಪ ಯಾವ ಬಗೆಯದು ಎಂದು ಮೊದಲೇ ತಿಳಿಯದಿದ್ದರೆ, ಬಿರುಕು ದಟ್ಟವಾಗಿರುವ ಜಾಗ ಹುಡುಕಬೇಕೋ ಅದರಿಂದ ದೂರವಿರಬೇಕೋ ಎಂಬುದೇ ಗೊತ್ತಾಗುವುದಿಲ್ಲ.

ಕಲ್ಲು ಎಲ್ಲಿ ಒಡೆಯುತ್ತದೆ

ಅಂದಾಜು ಶುರುವಾಗಬೇಕಾದದ್ದು ಸಾಫ್ಟ್‌ವೇರಿನಿಂದಲ್ಲ, ಪದರಗಳಿಂದ. ಬಾಗಿಸಿದಾಗ ಒಣಗಿದ ಕಡ್ಡಿ ಮುರಿಯುತ್ತದೆ, ಹಸಿ ಕಡ್ಡಿ ಬಳುಕುತ್ತದೆ. ಬಂಡೆಗಳಲ್ಲೂ ಹೀಗೆಯೇ. ಡಾಲಮೈಟ್ ಸುಣ್ಣಕಲ್ಲಿಗಿಂತ ಬೇಗ ಬಿರಿಯುತ್ತದೆ. ರಂಧ್ರ ಕಡಿಮೆಯಿರುವ, ನುಣ್ಣನೆ ಸುಣ್ಣದ ಕೆಸರು ಗಟ್ಟಿಯಾಗಿ ಆದ ಕಲ್ಲು, ರಂಧ್ರ ಹೆಚ್ಚಿರುವ ಕಾಳುಕಾಳಾದ ಕಲ್ಲಿಗಿಂತ ಹೆಚ್ಚು ಸೀಳುತ್ತದೆ. ಜೇಡಿ ಸೇರಿದ ಮಾರ್ಲ್ ಬಿರಿಯದೆ ಹಿಗ್ಗುತ್ತದೆ, ಕುಗ್ಗುತ್ತದೆ. ಹೀಗಾಗಿ ಒಳ್ಳೆಯ ಕಣಜವಾಗುವ ರಂಧ್ರದ ಪದರದಲ್ಲಿ ಬಿರುಕು ಕಡಿಮೆ, ಬಿರುಕು ತುಂಬಿದ ಬಿಗಿ ಪದರದಲ್ಲಿ ತೈಲ ಕಡಿಮೆ ಎಂಬ ಪರಿಸ್ಥಿತಿ ಮತ್ತೆ ಮತ್ತೆ ಎದುರಾಗುತ್ತದೆ. ಎರಡು ಬಗೆಯ ಪದರಗಳು ಒಂದರ ಮೇಲೊಂದು ತೆಳುವಾಗಿ ಜೋಡಿಸಿಕೊಂಡಿರುವ ಜಾಗವೇ ಹಲವು ಸಲ ಅತ್ಯುತ್ತಮ.

ಪದರದ ದಪ್ಪವೂ ಮುಖ್ಯ. ಒಂದೇ ಬಗೆಯ ಕಲ್ಲಿನಲ್ಲಿ ಬಿರುಕುಗಳ ನಡುವಿನ ಅಂತರ ಪದರದ ದಪ್ಪದ ಜೊತೆ ಬೆಳೆಯುತ್ತದೆ. 30 ಸೆಂಟಿಮೀಟರ್ ದಪ್ಪದ ಪದರದಲ್ಲಿ ಸುಮಾರು ಅಷ್ಟೇ ಅಂತರಕ್ಕೆ ಒಂದೊಂದು ಬಿರುಕಿದ್ದರೆ, 3 ಮೀಟರ್ ಪದರದಲ್ಲಿ ಮೀಟರುಗಟ್ಟಲೆ ಅಂತರ ಇರುತ್ತದೆ. ಬಹಳ ದಪ್ಪ ಪದರಗಳಲ್ಲಿ ಈ ನಂಟು ಸಡಿಲಗೊಳ್ಳುತ್ತದೆ. ಇಲ್ಲಿ ಪದರ ಎಂದರೆ ಭೂವಿಜ್ಞಾನಿ ಬಣ್ಣ, ಪಳೆಯುಳಿಕೆ ನೋಡಿ ಗುರುತಿಸಿದ ಘಟಕವಲ್ಲ. ಬಿರುಕು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೋ ಆ ಎರಡು ತಡೆಗಳ ನಡುವಿನ ಭಾಗ. ಕೆಲವೇ ಸೆಂಟಿಮೀಟರ್ ದಪ್ಪದ ಜೇಡಿಗೆರೆ ಕೂಡ ಬಿರುಕನ್ನು ತಡೆದು ನಿಲ್ಲಿಸಬಲ್ಲದು. ಹಾಗಾಗಿ ಲಾಗ್‌ಗಳಲ್ಲಿ, ಎಂದರೆ ಬಾವಿಗೆ ಉಪಕರಣ ಇಳಿಸಿ ಆಳಕ್ಕೆ ತಕ್ಕಂತೆ ತೆಗೆದ ದಾಖಲೆಗಳಲ್ಲಿ, ಅಂಥ ಜೇಡಿಗೆರೆಗಳನ್ನು ಗುರುತಿಸುವುದು ಬಿರುಕುಗಳನ್ನು ಗುರುತಿಸುವಷ್ಟೇ ಮುಖ್ಯ. ಲಂಬ ದಿಕ್ಕಿನ ಹರಿವು ನಿಲ್ಲುವುದೂ ಅಲ್ಲೇ.

ಇನ್ನು ಮಡಿಕೆ. ಪದರ ಬಾಗಿದರೆ ಹೊರಮೈ ಹಿಗ್ಗುತ್ತದೆ, ಹಿಗ್ಗಿದಲ್ಲಿ ಬಿರಿಯುತ್ತದೆ ಎಂಬ ತರ್ಕ ಸರಳ. ಹಿಗ್ಗುವಿಕೆಯ ಪ್ರಮಾಣ, ಪದರದ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. 20 ಮೀಟರ್ ದಪ್ಪದ ಪದರ 2,000 ಮೀಟರ್ ತ್ರಿಜ್ಯದಲ್ಲಿ ಬಾಗಿದ್ದರೆ ಹೊರಮೈಯಲ್ಲಿ 0.5 ಶೇಕಡಾ. ಇದೆಲ್ಲ 0.1 ಮಿಲಿಮೀಟರ್ ತೆರಪಿನ ಬಿರುಕುಗಳಾಗಿಯೇ ತೆರೆದುಕೊಂಡಿದ್ದರೆ ಮೀಟರಿಗೆ 50 ಬಿರುಕು ಇರಬೇಕಿತ್ತು. ನಿಜದ ಬಂಡೆಯಲ್ಲಿ ಅಷ್ಟು ತೆರೆದ ಬಿರುಕು ಸಿಗುವುದಿಲ್ಲ. ಪುಸ್ತಕದ ಹಾಳೆಗಳಂತೆ ಪದರಗಳು ಒಂದರ ಮೇಲೊಂದು ಜಾರಿಕೊಳ್ಳುತ್ತವೆ, ಒತ್ತಡಕ್ಕೆ ಸಿಕ್ಕ ಸುಣ್ಣ ಕರಗಿ ಬೇರೆಡೆ ಸಾಗುತ್ತದೆ, ಹಿಗ್ಗುವಿಕೆಯ ಬಹುಪಾಲು ಹಾಗೇ ತೀರಿಹೋಗುತ್ತದೆ. ವಕ್ರತೆಯ ನಕ್ಷೆ ಬಿರುಕು ಹೆಚ್ಚಿರಬಹುದಾದ ಜಾಗ ತೋರಿಸುತ್ತದೆ, ಸಂಖ್ಯೆ ಹೇಳುವುದಿಲ್ಲ. ಅದನ್ನು ನೇರವಾಗಿ ಬಿರುಕಿನ ಸಾಂದ್ರತೆಯಾಗಿ ಪರಿವರ್ತಿಸುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪುಗಳಲ್ಲೊಂದು. ನಕ್ಷೆ ಮಾಡುವಾಗ ಯಾವ ಅಳತೆಯ ಕಿಟಕಿ ಬಳಸಿದಿರಿ ಎಂಬುದರ ಮೇಲೂ ಫಲಿತಾಂಶ ಬದಲಾಗುತ್ತದೆ: 50 ಮೀಟರ್ ಕಿಟಕಿಯಲ್ಲಿ ಬಹುತೇಕ ಗದ್ದಲವೇ ಕಾಣುತ್ತದೆ, 500 ಮೀಟರ್ ಕಿಟಕಿಯಲ್ಲಿ ಮಡಿಕೆ ಕಾಣುತ್ತದೆ.

ಅದಕ್ಕಿಂತ ಆಳದ ತೊಡಕು ಕಾಲದ್ದು. ಇವತ್ತಿನ ಆಕಾರ ಇವತ್ತಿನ ಬಿರುಕುಗಳಿಗೆಲ್ಲ ಕಾರಣವಲ್ಲ. ಇರಾನಿನ ಜಾಗ್ರೋಸ್ ಬೆಟ್ಟಗಳಲ್ಲಿ ಬಯಲಿಗೆ ಬಂದಿರುವ ಅಸ್ಮಾರಿ ಕಲ್ಲಿನಲ್ಲಿ ಮಡಿಕೆ ಬೆಳೆಯುವ ಮೊದಲೇ ಹುಟ್ಟಿದ ಬಿರುಕುಗಳೂ ಇವೆ, ಮಡಿಕೆಯ ಜೊತೆ ಬಂದವೂ ಇವೆ. ಮೊದಲಿನವಕ್ಕೆ ಮಡಿಕೆಯ ನೆತ್ತಿಯೂ ಒಂದೇ, ಪಕ್ಕೆಯೂ ಒಂದೇ. ಯಾವ ಬಿರುಕು ಯಾವುದನ್ನು ಕತ್ತರಿಸಿದೆ, ಯಾವುದು ಯಾವುದಕ್ಕೆ ತಗುಲಿ ನಿಂತಿದೆ ಎಂದು ನೋಡಿ ಹಿರಿಕಿರಿತನ ನಿರ್ಧರಿಸಬೇಕು. ಇಳಿಜಾರಾದ ಪದರವನ್ನು ಲೆಕ್ಕದಲ್ಲಿ ಮತ್ತೆ ಅಡ್ಡಲಾಗಿ ತಿರುಗಿಸಿದಾಗ ಬಿರುಕುಗಳು ಒಂದೇ ದಿಕ್ಕಿಗೆ ಒಟ್ಟುಗೂಡಿದರೆ ಅವು ಮಡಿಕೆಗೂ ಹಿಂದಿನವು ಎಂಬ ಅನುಮಾನ ಬಲಗೊಳ್ಳುತ್ತದೆ.

ಸ್ತರಭಂಗಗಳ, ಎಂದರೆ ಬಂಡೆ ಒಡೆದು ಎರಡು ಬದಿಗಳು ಜಾರಿದ ಜಾಗಗಳ, ಸುತ್ತ ಬಿರುಕು ದಟ್ಟವಾಗಿದ್ದು ದೂರ ಹೋದಂತೆ ಕಡಿಮೆಯಾಗುತ್ತದೆ. ಜಾರಿದ ಪ್ರಮಾಣ ದೊಡ್ಡದಾದಷ್ಟು ಆ ಹಾನಿಗೊಂಡ ಪಟ್ಟಿ ಅಗಲ. ಆದರೆ ಸ್ತರಭಂಗದ ನಡುಭಾಗದಲ್ಲಿ ಪುಡಿಯಾದ ಕಲ್ಲು ಮತ್ತೆ ಸಿಮೆಂಟಿನಂತೆ ಬಿಗಿದುಕೊಂಡು ಗೋಡೆಯಾಗಿರಬಹುದು. ಒಂದೇ ಸ್ತರಭಂಗ ಉದ್ದಕ್ಕೆ ಕಾಲುವೆ, ಅಡ್ಡಕ್ಕೆ ಅಣೆಕಟ್ಟು.

ಬಾವಿಯಲ್ಲಿ ಕಾಣುವುದು, ಕಾಣದಿರುವುದು

ಬಿರುಕನ್ನು ನೇರವಾಗಿ ನೋಡಲು ಇರುವ ದಾರಿ ಎರಡು: ಕೋರ್ (ಬಾವಿಯಿಂದ ಕೊರೆದು ತೆಗೆದ ಕಲ್ಲಿನ ಕಂಬ) ಮತ್ತು ಬಾವಿಗೋಡೆಯ ಚಿತ್ರಲಾಗ್.

ಕೋರ್‌ನಲ್ಲಿ ಕಾಣುವ ಸೀಳುಗಳೆಲ್ಲ ಸಹಜವಲ್ಲ. ಕೊರೆಯುವಾಗ, ಮೇಲೆತ್ತುವಾಗ, ಪೆಟ್ಟಿಗೆಗೆ ತುಂಬುವಾಗಲೂ ಕಲ್ಲು ಒಡೆಯುತ್ತದೆ. ಮುಖದ ಮೇಲೆ ಕ್ಯಾಲ್ಸೈಟ್ ಹರಳು, ತೈಲದ ಕಲೆ, ಜಾರಿದ ಗೀರು ಇದ್ದರೆ ಸಹಜ. ಮುಖ ಹೊಚ್ಚಹೊಸದಾಗಿ ಸ್ವಚ್ಛವಾಗಿದ್ದು, ಕೋರ್ ಅಂಚಿನಿಂದ ಒಳಕ್ಕೆ ಎಸಳಿನಂತೆ ಬಾಗಿ ನಡುಗೆರೆಗೆ ಸೇರಿಕೊಂಡರೆ ಅದು ಕೊರೆತದಿಂದಾದದ್ದು. ಇದಕ್ಕಿಂತ ದೊಡ್ಡ ಮೋಸವೆಂದರೆ, ಅತಿ ಹೆಚ್ಚು ಬಿರುಕಿರುವ ಭಾಗವೇ ಪುಡಿಯಾಗಿ ಕಳೆದುಹೋಗುತ್ತದೆ. 18 ಮೀಟರ್ ಕೊರೆದು 14 ಮೀಟರ್ ಸಿಕ್ಕಿದರೆ ಕಾಣೆಯಾದ 4 ಮೀಟರನ್ನೇ ಮೊದಲು ವಿಚಾರಿಸಬೇಕು. ಅದನ್ನು ಖಾಲಿ ಬಿಟ್ಟು ಉಳಿದದ್ದರ ಸರಾಸರಿ ಹಾಕಿದರೆ ಅಂದಾಜು ಕೆಳಗೇ ಬೀಳುತ್ತದೆ.

ಚಿತ್ರಲಾಗ್ ಉಪಕರಣ ಬಾವಿಗೋಡೆಗೆ ಒತ್ತಿ ನಿಂತ ಪ್ಯಾಡ್‌ಗಳ ಗುಂಡಿಗಳಿಂದ ವಿದ್ಯುತ್ ಹರಿಸಿ ಗೋಡೆಯ ನಕ್ಷೆ ಬಿಡಿಸುತ್ತದೆ. ಸುಮಾರು 5 ಮಿಲಿಮೀಟರ್ ಸ್ಪಷ್ಟತೆ ಇರುತ್ತದೆ. ಬಾವಿಗೋಡೆಯನ್ನು ಬಿಚ್ಚಿ ಚಪ್ಪಟೆಯಾಗಿ ಹಾಸಿದಂತೆ ಚಿತ್ರ ಬರುವುದರಿಂದ ಓರೆಯಾದ ಬಿರುಕು ಅಲೆಯಾಕಾರದ ಗೆರೆಯಾಗಿ ಕಾಣುತ್ತದೆ. ಅಲೆಯ ಎತ್ತರವನ್ನು ಬಾವಿಯ ವ್ಯಾಸದಿಂದ ಭಾಗಿಸಿದರೆ ಇಳಿಜಾರು ಕೋನದ ಟ್ಯಾಂಜೆಂಟ್ ಸಿಗುತ್ತದೆ. 21.6 ಸೆಂಟಿಮೀಟರ್ ವ್ಯಾಸದ ಬಾವಿಯಲ್ಲಿ 1.2 ಮೀಟರ್ ಎತ್ತರದ ಅಲೆ ಕಂಡರೆ ಬಿರುಕು ಸುಮಾರು 80 ಡಿಗ್ರಿ ಇಳಿಜಾರಾಗಿದೆ.

ಮಡ್ ಎಂದು ಕರೆಯುವ ಕೊರೆತದ ದ್ರವ ನೀರಿನ ಆಧಾರದ್ದಾಗಿದ್ದರೆ ತೆರೆದ ಬಿರುಕಿನೊಳಗೆ ಅದು ನುಗ್ಗಿ ವಿದ್ಯುತ್ತನ್ನು ಚೆನ್ನಾಗಿ ಸಾಗಿಸುತ್ತದೆ, ಗೆರೆ ಕಪ್ಪಾಗಿ ಬರುತ್ತದೆ. ಕ್ಯಾಲ್ಸೈಟ್ ತುಂಬಿದ ಬಿರುಕು ಬಿಳಿಯಾಗಿ ಕಾಣುತ್ತದೆ. ಇಲ್ಲಿ ಮೂರು ಎಡವಟ್ಟುಗಳು ಪದೇಪದೇ ಆಗುತ್ತವೆ. ಜೇಡಿ ತುಂಬಿದ ಬಿರುಕೂ, ಕರಗುವಿಕೆಯಿಂದಾದ ಹಲ್ಲುಹಲ್ಲಾದ ಸ್ಟೈಲೊಲೈಟ್ ಗೆರೆಯೂ ಕಪ್ಪಾಗಿಯೇ ಬರುತ್ತವೆ. ತೈಲದ ಆಧಾರದ ಮಡ್ ಬಳಸಿದ್ದರೆ ತೆರೆದದ್ದೂ ಮುಚ್ಚಿದ್ದೂ ಎರಡೂ ವಿದ್ಯುತ್ತನ್ನು ತಡೆಯುವುದರಿಂದ ಬೇರ್ಪಡಿಸಲು ಧ್ವನಿಯಲೆಯ ಚಿತ್ರಲಾಗ್ ಜೊತೆಗಿರಬೇಕು. ಮತ್ತು ಚಿತ್ರದಲ್ಲಿ ಗೆರೆ ಎಷ್ಟು ಅಗಲವಾಗಿ ಕಂಡಿತೋ ಅದು ಬಿರುಕಿನ ತೆರಪಲ್ಲ. ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದ ತೆರಪು ಕೂಡ ವಿದ್ಯುತ್ ಸೆಳೆದು ಅರ್ಧ ಸೆಂಟಿಮೀಟರ್ ಗೆರೆಯಾಗಿ ಮೂಡುತ್ತದೆ. ತೆರಪನ್ನು ಹೆಚ್ಚುವರಿ ವಿದ್ಯುತ್ ಪ್ರಮಾಣ, ಮಡ್‌ನ ರೋಧ, ಸುತ್ತಲಿನ ಬಂಡೆಯ ರೋಧ ಇವುಗಳಿಂದ ಲೆಕ್ಕಹಾಕಬೇಕು. ಹಾಗೆ ಬಂದದ್ದು ಬಾವಿಗೋಡೆಯ ತೆರಪು. ಕೊರೆತದಿಂದ ಅಂಚು ಮುರಿದಿದ್ದರೆ ಅದೂ ಹಿಗ್ಗಿಯೇ ಇರುತ್ತದೆ.

ಒಂದರಿಂದೊಂದು 180 ಡಿಗ್ರಿ ದೂರದಲ್ಲಿ, ಬಾವಿಯ ಉದ್ದಕ್ಕೆ ನೇರವಾಗಿ ಇಳಿಯುವ ಜೋಡಿ ಗೆರೆಗಳು ಸಹಜ ಬಿರುಕುಗಳಲ್ಲ. ಮಡ್‌ನ ಒತ್ತಡಕ್ಕೆ ಗೋಡೆ ಸೀಳಿದ ಗುರುತು. ಅವನ್ನು ಎಣಿಕೆಯಿಂದ ತೆಗೆಯಬೇಕು, ಆದರೆ ಎಸೆಯಬಾರದು. ಲಂಬ ಬಾವಿಯಲ್ಲಿ ಅವು ಅತಿ ಹೆಚ್ಚಿನ ಅಡ್ಡ ಒತ್ತಡದ ದಿಕ್ಕನ್ನು ತೋರಿಸುತ್ತವೆ. ಗೋಡೆ ಉದುರಿ ಬಾವಿ ಅಂಡಾಕಾರವಾದ ಕಡೆ ಅದಕ್ಕೆ ಲಂಬವಾದ ಕಡಿಮೆ ಒತ್ತಡದ ದಿಕ್ಕು ಸಿಗುತ್ತದೆ. ಮುಂದೆ ಈ ಎರಡೂ ಬೇಕಾಗುತ್ತವೆ.

ಎಣಿಕೆಯ ಓರೆಯನ್ನು ತಿದ್ದದೆ ಮುಂದೆ ಹೋಗಬಾರದು. ಲಂಬವಾದ ಬಾವಿ ಲಂಬವಾದ ಬಿರುಕುಗಳ ನಡುವೆ ನುಸುಳಿ ಹೋಗುತ್ತದೆ. ಬಿರುಕುಗಳು ಮೀಟರಿಗೊಂದರಂತೆ ನೆಟ್ಟಗೆ ನಿಂತಿದ್ದರೆ 21.6 ಸೆಂಟಿಮೀಟರ್ ಬಾವಿ ಒಂದು ಪದರದಲ್ಲಿ ಅವುಗಳಲ್ಲೊಂದನ್ನು ತಾಕುವ ಸಾಧ್ಯತೆ ಸುಮಾರು 22 ಶೇಕಡಾ. ಮೂರು ಮೀಟರಿಗೊಂದರಂತೆ ಇದ್ದರೆ 7 ಶೇಕಡಾ. ಅದೇ ಬಂಡೆಯಲ್ಲಿ ಬಿರುಕುಗಳಿಗೆ ಅಡ್ಡಲಾಗಿ 500 ಮೀಟರ್ ಸಮತಲ ಬಾವಿ ಕೊರೆದರೆ, ಮೀಟರಿಗೊಂದರ ಲೆಕ್ಕದಲ್ಲಿ, 500 ಬಿರುಕು ಸಿಗುತ್ತವೆ. ಲಂಬ ಬಾವಿಯಲ್ಲಿ ಬಿರುಕು ಕಾಣಲಿಲ್ಲ ಎಂಬುದು ಬಿರುಕು ಇಲ್ಲ ಎಂಬುದಕ್ಕೆ ಸಾಕ್ಷಿಯೇ ಅಲ್ಲ. ಇದನ್ನು ಸರಿಪಡಿಸಲು ಟೆರ್ಜಾಗಿ ತಿದ್ದುಪಡಿ ಇದೆ. ಬಿರುಕಿನ ಲಂಬರೇಖೆಗೂ ಬಾವಿಯ ಅಕ್ಷಕ್ಕೂ ನಡುವಿನ ಕೋನದ ಕೊಸೈನ್‌ನಿಂದ ಒಂದನ್ನು ಭಾಗಿಸಿ ಪ್ರತಿ ಬಿರುಕಿಗೆ ತೂಕ ಕೊಡುವುದು. ಮೇಲೆ ಹೇಳಿದ 80 ಡಿಗ್ರಿ ಇಳಿಜಾರಿನ ಬಿರುಕು ಲಂಬ ಬಾವಿಯಲ್ಲಿ ಒಂದು ಕಂಡರೆ ಅದನ್ನು 5.8 ಎಂದು ಎಣಿಸಬೇಕು. 85 ಡಿಗ್ರಿಗೆ ಇದು 11.5 ಆಗುತ್ತದೆ, 90ಕ್ಕೆ ಹತ್ತಿರವಾದಂತೆ ಮಿತಿಮೀರುತ್ತದೆ. ಆದ್ದರಿಂದ ತೂಕಕ್ಕೆ ಒಂದು ಮೇಲ್ಮಿತಿ ಹಾಕಿಕೊಳ್ಳಬೇಕು. ಒಂದೂ ಸಿಗದ ಗುಂಪಿಗೆ ಯಾವ ತೂಕ ಕೊಟ್ಟರೂ ಸೊನ್ನೆಯೇ ಎಂಬುದನ್ನೂ ಮರೆಯಬಾರದು.

ಕೊರೆಯುವ ಹೊತ್ತಿನ ದಾಖಲೆಗಳು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕಡೆಗಣಿಸಲ್ಪಟ್ಟ ಸಾಕ್ಷ್ಯ. ಮಡ್ ದಿಢೀರನೆ ಮಾಯವಾಗಿ ನಂತರ ನಷ್ಟ ಕ್ರಮೇಣ ಇಳಿದರೆ ತೆರೆದ ಬಿರುಕು ಸಿಕ್ಕಿದೆ. ನಿಧಾನವಾಗಿ ಶುರುವಾಗಿ, ಕೊರೆದಷ್ಟೂ ಹೆಚ್ಚುತ್ತ ಹೋದರೆ ರಂಧ್ರದ ಪದರ ಹೀರುತ್ತಿದೆ. ಕೊರೆಯುವ ಮೊನೆಯಾದ ಬಿಟ್ ಒಮ್ಮೆಲೇ ಕೆಳಗೆ ಕುಸಿದರೆ ಅದು ಬಿರುಕಲ್ಲ, ಸುಣ್ಣ ಕರಗಿ ಆದ ಪೊಳ್ಳು. ನಷ್ಟದ ವೇಗ ಮತ್ತು ಒಟ್ಟು ಪ್ರಮಾಣದಿಂದ ತೆರಪನ್ನೂ ಅಂದಾಜಿಸಬಹುದು. ಇದು ನಿಜವಾಗಿ ದ್ರವ ಹರಿದ ತೆರಪಾದ್ದರಿಂದ ಚಿತ್ರಲಾಗಿನ ಅಂಕಿಗಿಂತ ನಂಬಬಹುದು. ಅದಕ್ಕೆ ನಿಮಿಷಕ್ಕೆ ಕೆಲವೇ ಲೀಟರಿನ ನಷ್ಟವನ್ನೂ ಗುರುತಿಸುವ ಹರಿವುಮಾಪಕ ಮಡ್‌ನ ಒಳದಾರಿ ಹೊರದಾರಿ ಎರಡರಲ್ಲೂ ಇರಬೇಕು. ತೊಟ್ಟಿಯ ಮಟ್ಟ ನೋಡಿ ಬರೆದ ದಾಖಲೆಯಲ್ಲಿ ಸಣ್ಣ ನಷ್ಟಗಳು ಸಿಗುವುದಿಲ್ಲ. ಧ್ವನಿಲಾಗಿನಲ್ಲಿ ಬಾವಿಯುದ್ದಕ್ಕೆ ಸಾಗುವ ಸ್ಟೋನ್ಲಿ ಅಲೆ ತೆರೆದ ಬಿರುಕಿನ ಬಳಿ ಸೊರಗುತ್ತದೆ, ಪ್ರತಿಫಲಿಸುತ್ತದೆ. ಚಿತ್ರದಲ್ಲಿ ಕಪ್ಪಗೆರೆ, ಅದೇ ಆಳದಲ್ಲಿ ಸ್ಟೋನ್ಲಿ ಪ್ರತಿಫಲನ, ಅದೇ ಆಳದಲ್ಲಿ ಮಡ್ ನಷ್ಟ: ಮೂರೂ ಕೂಡಿದಲ್ಲಿ ಸಂಶಯಕ್ಕೆ ಎಡೆ ಕಡಿಮೆ.

ಬಾವಿಗಳ ನಡುವೆ

ಬಾವಿಯಿಂದ ಒಂದು ಹೆಜ್ಜೆ ಆಚೆ ಹೋದರೆ ಉಳಿಯುವುದು ಸೀಸ್ಮಿಕ್ ಮಾಹಿತಿ, ಎಂದರೆ ನೆಲದೊಳಗೆ ಕಳುಹಿಸಿದ ಕಂಪನದಲೆಗಳು ಪದರಗಳಿಂದ ಪ್ರತಿಫಲಿಸಿ ಕೊಡುವ ಚಿತ್ರ. ಅದು ಬಿರುಕನ್ನು ಕಾಣುವುದಿಲ್ಲ. ಸುಣ್ಣಕಲ್ಲಿನಲ್ಲಿ ಅಲೆಯ ವೇಗ ಸೆಕೆಂಡಿಗೆ 5,000 ಮೀಟರ್, ಆವರ್ತನ 30 ಹರ್ಟ್ಸ್ ಇದ್ದರೆ ತರಂಗದುದ್ದ 167 ಮೀಟರ್. ಬೇರ್ಪಡಿಸಿ ನೋಡಬಹುದಾದ ದಪ್ಪ ಅದರ ಕಾಲು ಭಾಗ, ಸುಮಾರು 42 ಮೀಟರ್. ವೇಗ ಹೆಚ್ಚಿರುವ ಗಟ್ಟಿ ಕಾರ್ಬೊನೇಟ್‌ಗಳಲ್ಲಿ ಚಿತ್ರ ಇನ್ನೂ ಮಸುಕು. ಸೀಸ್ಮಿಕ್ ಕೊಡುವುದು ಎರಡು ಬಗೆಯ ಪರೋಕ್ಷ ಸುಳಿವು.

ಮೊದಲನೆಯದು ಆಕಾರದ್ದು. ಪದರಗಳ ನಿರಂತರತೆ ಎಲ್ಲಿ ಕಡಿಯುತ್ತದೆ, ವಕ್ರತೆ ಎಲ್ಲಿ ಹೆಚ್ಚುತ್ತದೆ ಎಂದು ಲೆಕ್ಕಹಾಕಿ ಸಣ್ಣ ಸ್ತರಭಂಗಗಳನ್ನೂ ಬಾಗುಗಳನ್ನೂ ಗುರುತಿಸುವುದು. ಇಂಥ ನಕ್ಷೆಯಲ್ಲಿ ಸಮೀಕ್ಷೆಯ ಸಾಲುಗಳಿಗೆ ಸಮಾನಾಂತರವಾಗಿ ಅಂದವಾದ ಗೆರೆಗಳು ಮೂಡಿದರೆ ಮೊದಲು ಅನುಮಾನಿಸಬೇಕು. ಅದು ಹೆಚ್ಚಾಗಿ ದತ್ತಾಂಶ ಸಂಗ್ರಹಿಸಿದ ರೀತಿಯ ಅಚ್ಚು, ಭೂಮಿಯದ್ದಲ್ಲ.

ಎರಡನೆಯದು ದಿಕ್ಕಿನದು. ಒಂದೇ ದಿಕ್ಕಿಗೆ ನಿಂತ ತೆರೆದ ಬಿರುಕುಗಳಿರುವ ಬಂಡೆಯಲ್ಲಿ ಅಲೆ ಬಿರುಕಿನ ಉದ್ದಕ್ಕೆ ವೇಗವಾಗಿ, ಅಡ್ಡಕ್ಕೆ ನಿಧಾನವಾಗಿ ಸಾಗುತ್ತದೆ. ಪ್ರತಿಫಲನದ ಬಲವೂ ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ. ಇದನ್ನು ಅಳೆಯಲು ಎಲ್ಲ ದಿಕ್ಕುಗಳಿಂದಲೂ, ಸಾಕಷ್ಟು ದೊಡ್ಡ ಕೋನಗಳವರೆಗೂ ದತ್ತಾಂಶ ಬೇಕು. ಕಿರಿದಾದ ಒಂದೇ ದಿಕ್ಕಿನ ಸಮೀಕ್ಷೆಯಿಂದ ಇದನ್ನು ಹಿಂಡಿ ತೆಗೆಯಲಾಗದು. ಮೇಲಿನ ಪದರಗಳಲ್ಲಿರುವ ದಿಕ್ಕಿನ ವ್ಯತ್ಯಾಸವನ್ನು ಮೊದಲು ಕಳೆಯದಿದ್ದರೆ ಅದೇ ನಿಕ್ಷೇಪದ ಮೇಲೆ ನೆರಳಿನಂತೆ ಬೀಳುತ್ತದೆ. ಪ್ರತಿಫಲನದ ಬಲದಿಂದ ದಿಕ್ಕು ಕಂಡುಹಿಡಿಯುವಾಗ 90 ಡಿಗ್ರಿಯ ಗೊಂದಲ ಇದ್ದೇ ಇರುತ್ತದೆ: ಬಿರುಕಿನ ದಿಕ್ಕು ಉತ್ತರ-ದಕ್ಷಿಣವೋ ಪೂರ್ವ-ಪಶ್ಚಿಮವೋ ಎಂದು ಗಣಿತ ಒಂದರಿಂದಲೇ ತೀರ್ಮಾನಿಸಲಾಗದು. ಬಾವಿಯ ಚಿತ್ರಲಾಗ್ ಅಥವಾ ಅಲೆಯ ವೇಗದ ಅಳತೆ ಅದನ್ನು ಬಿಡಿಸಬೇಕು. ಒಂದಕ್ಕೊಂದು ಲಂಬವಾದ ಎರಡು ಗುಂಪಿನ ಬಿರುಕುಗಳು ಸಮಬಲದಲ್ಲಿದ್ದರೆ ದಿಕ್ಕಿನ ವ್ಯತ್ಯಾಸ ಬಹುತೇಕ ಅಳಿಸಿಹೋಗುತ್ತದೆ. ಆಗ ಬಿರುಕು ಅತಿ ಹೆಚ್ಚಿರುವ ಜಾಗವೇ ನಕ್ಷೆಯಲ್ಲಿ ತಣ್ಣಗೆ ಕಾಣಬಹುದು. ಅನಿಲ ತುಂಬಿದ ಬಿರುಕು, ನೀರು ತುಂಬಿದ ಬಿರುಕು ಅಲೆಗೆ ಒಂದೇ ಬಗೆಯಾಗಿ ಕಾಣುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅನಿಲ ಸುಲಭವಾಗಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ.

ಬಯಲಿಗೆ ಬಂದ ಅದೇ ಬಂಡೆ ಹತ್ತಿರದಲ್ಲೆಲ್ಲೋ ಇದ್ದರೆ ಅದನ್ನು ಅಳೆಯುವುದರಷ್ಟು ಬೆಲೆಬಾಳುವ ಕೆಲಸ ಇನ್ನೊಂದಿಲ್ಲ. ಬಿರುಕುಗಳ ಉದ್ದ, ಅವು ಪದರ ದಾಟುತ್ತವೆಯೇ, ಒಂದನ್ನೊಂದು ಹೇಗೆ ಸಂಧಿಸುತ್ತವೆ ಎಂಬುದು ಬಾವಿಯಲ್ಲಿ ಎಂದಿಗೂ ಸಿಗದ ಮಾಹಿತಿ. ಆದರೆ ಭೂಮಿ ಮೇಲೆದ್ದು ಭಾರ ಇಳಿದಾಗ, ಬಿಸಿಲುಮಳೆಗೆ ಸಿಕ್ಕಾಗ ಹುಟ್ಟಿದ ಬಿರುಕುಗಳೂ ಅಲ್ಲಿ ಬೆರೆತಿರುತ್ತವೆ. ಖನಿಜದ ಲೇಪವೇ ಇಲ್ಲದ ಬಿರುಕುಗಳನ್ನು ಆಳದ ನಿಕ್ಷೇಪಕ್ಕೆ ಹೊತ್ತೊಯ್ಯುವ ಮುನ್ನ ಹತ್ತು ಸಲ ಯೋಚಿಸಬೇಕು.

ತೆರೆದದ್ದೋ ಮುಚ್ಚಿದ್ದೋ

3,000 ಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರ ಸುಮಾರು 74 ಮೆಗಾಪ್ಯಾಸ್ಕಲ್, ರಂಧ್ರದ ದ್ರವದ ಒತ್ತಡ ಸಾಮಾನ್ಯವಾಗಿ 30ರ ಆಸುಪಾಸು. ಇಷ್ಟು ಒತ್ತಡದಲ್ಲಿ ಬಿರುಕು ತೆರೆದೇ ಇರುವುದಾದರೂ ಹೇಗೆ? ಇದಕ್ಕೆ ಎರಡು ಉತ್ತರಗಳಿವೆ.

ಒಂದು, ಇವತ್ತಿನ ಒತ್ತಡದಲ್ಲಿ ಜಾರುವ ಅಂಚಿನಲ್ಲಿರುವ ಬಿರುಕುಗಳು ಹರಿಸುತ್ತವೆ ಎಂಬುದು. ಬಿರುಕಿನ ಮುಖದ ಮೇಲೆ ಜಾರಿಸುವ ಒತ್ತಡವನ್ನು, ಮುಖವನ್ನು ಅದುಮುವ ಒತ್ತಡದಿಂದ ದ್ರವದ ಒತ್ತಡ ಕಳೆದು ಉಳಿದದ್ದರಿಂದ ಭಾಗಿಸಬೇಕು. ಆ ಅನುಪಾತ 0.6ರ ಹತ್ತಿರ ಬಂದರೆ ಬಿರುಕಿನ ಉಬ್ಬುತಗ್ಗುಗಳು ಒಂದರ ಮೇಲೊಂದು ಹತ್ತಿ ದಾರಿ ತೆರೆದಿಡುತ್ತವೆ. ಇನ್ನೊಂದು, ಖನಿಜದ ಸೇತುವೆಗಳ ವಿವರಣೆ. ಬಿರುಕು ತೆರೆಯುವಾಗಲೇ ಅಲ್ಲಲ್ಲಿ ಬೆಳೆದ ಹರಳುಗಳು ಕಂಬಗಳಂತೆ ನಿಂತು ಗೋಡೆಗಳನ್ನು ಹಿಡಿದಿಡುತ್ತವೆ. ಕಿರಿದಾದ ಬಿರುಕುಗಳು ಪೂರ್ತಿ ತುಂಬಿಹೋಗುತ್ತವೆ, ಅಗಲವಾದವು ಉಳಿಯುತ್ತವೆ, ದಿಕ್ಕು ಯಾವುದೇ ಇರಲಿ. ಕಾರ್ಬೊನೇಟ್‌ಗಳಲ್ಲಿ ಕ್ಯಾಲ್ಸೈಟ್ ಮತ್ತು ಡಾಲಮೈಟ್ ಸುಲಭವಾಗಿ ಕರಗಿ ಸುಲಭವಾಗಿ ಕೂರುವುದರಿಂದ ಈ ಎರಡನೆಯ ಉತ್ತರವನ್ನು ಬದಿಗಿಡುವಂತಿಲ್ಲ. ಒತ್ತಡದ ದಿಕ್ಕಿಗೆ ಸಮಾನಾಂತರವಾದ ಬಿರುಕುಗಳಷ್ಟೇ ತೆರೆದಿವೆ ಎಂದು ಮೊದಲೇ ತೀರ್ಮಾನಿಸಿ ಬಾವಿಯ ದಿಕ್ಕು ನಿಗದಿಪಡಿಸಿದರೆ ದುಬಾರಿ ತಪ್ಪಾಗಬಹುದು. ಕೋರ್‌ನಲ್ಲಿ ಪ್ರತಿ ಗುಂಪಿನ ಬಿರುಕನ್ನೂ ಸೂಕ್ಷ್ಮದರ್ಶಕದಡಿ ನೋಡಿ, ಯಾವ ತೆರಪಿನವರೆಗೆ ಪೂರ್ತಿ ತುಂಬಿವೆ, ಯಾವುದರಿಂದಾಚೆ ಖಾಲಿ ಉಳಿದಿವೆ ಎಂದು ಬರೆದಿಟ್ಟುಕೊಳ್ಳುವುದು ಸುರಕ್ಷಿತ.

ಮಾದರಿ ಕಟ್ಟುವುದು, ಅದನ್ನು ಪರೀಕ್ಷಿಸುವುದು

ಈ ಮಾಹಿತಿಯನ್ನೆಲ್ಲ ಸೇರಿಸಿ ಬಿರುಕುಗಳ ಜಾಲವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಬಾವಿಯಲ್ಲಿ ಸಿಗುವುದು ಮೀಟರಿಗೆ ಎಷ್ಟು ಬಿರುಕು ಎಂಬ ಎಣಿಕೆ. ಮಾದರಿಗೆ ಬೇಕಾದದ್ದು ಒಂದು ಘನ ಮೀಟರ್ ಬಂಡೆಯಲ್ಲಿ ಎಷ್ಟು ಚದರ ಮೀಟರ್ ಬಿರುಕಿನ ಮೇಲ್ಮೈ ಇದೆ ಎಂಬ ಅಂಕಿ. ಸಮಾನಾಂತರ ಬಿರುಕುಗಳಿಗೆ, ಓರೆ ತಿದ್ದಿದ ಎಣಿಕೆ ಮೀಟರಿಗೆ 2 ಇದ್ದರೆ ಮೇಲ್ಮೈಯೂ ಘನ ಮೀಟರಿಗೆ 2 ಚದರ ಮೀಟರ್. ಆದರೆ ಅದೇ 2 ಚದರ ಮೀಟರನ್ನು ಸಾವಿರಾರು ಪುಟ್ಟ ಬಿರುಕುಗಳಿಂದಲೂ ತುಂಬಬಹುದು, ಕೆಲವೇ ಉದ್ದದ ಬಿರುಕುಗಳಿಂದಲೂ ತುಂಬಬಹುದು. ಮೊದಲನೆಯದರಲ್ಲಿ ಅವು ಒಂದಕ್ಕೊಂದು ಕೂಡದೆ ಹರಿವೇ ಇಲ್ಲದಿರಬಹುದು, ಎರಡನೆಯದರಲ್ಲಿ ಹೆದ್ದಾರಿಯಾಗಬಹುದು. ಉದ್ದದ ಹಂಚಿಕೆ ಬರುವುದು ಬಯಲುಬಂಡೆಯಿಂದ, ಸೀಸ್ಮಿಕ್ ಸ್ತರಭಂಗಗಳಿಂದ. ಮಾದರಿಯಲ್ಲಿ ಅತಿ ದುರ್ಬಲ ಕೊಂಡಿ ಅದೇ. ಬಿರುಕುಗಳ ಕೂಡುವಿಕೆಯನ್ನು ಪರಿಗಣಿಸದೆ ಬರೀ ಸರಾಸರಿ ಹಾಕುವ ಓಡಾ ವಿಧಾನವನ್ನು ಚದುರಿದ ಜಾಲಕ್ಕೆ ಹಚ್ಚಿದರೆ ಪಾರಗಮ್ಯತೆ ಅತಿಯಾಗಿ ಬರುತ್ತದೆ. ಅಲ್ಲಿ ಪ್ರತಿ ಚೌಕಕ್ಕೂ ಹರಿವನ್ನೇ ಲೆಕ್ಕಹಾಕುವುದು ಸರಿಯಾದ ದಾರಿ.

ಮುಂದೆ ಇಡೀ ನಿಕ್ಷೇಪದ ಹರಿವಿನ ಲೆಕ್ಕಕ್ಕೆ 1963ರ ವಾರೆನ್–ರೂಟ್ ಮಾದರಿಯ ವಂಶದ ಇಬ್ಬಗೆ ರಂಧ್ರತೆಯ ವಿಧಾನ ಬಳಸುತ್ತಾರೆ: ಒಡಲಿಗೊಂದು ಜಾಲ, ಬಿರುಕಿಗೊಂದು ಜಾಲ, ನಡುವೆ ತೈಲದ ವಿನಿಮಯ. ವಿನಿಮಯದ ವೇಗ ಒಡಲಿನ ತುಂಡುಗಳ ಅಳತೆಯ ವರ್ಗಕ್ಕೆ ವಿಲೋಮ. ಬಿರುಕುಗಳ ಅಂತರ 2 ಮೀಟರ್ ಎಂದು ಹಾಕಿದ್ದು ನಿಜದಲ್ಲಿ 10 ಮೀಟರ್ ಆಗಿದ್ದರೆ ವಿನಿಮಯ 25 ಪಟ್ಟು ಅತಿಯಾಗಿ ಲೆಕ್ಕವಾಗುತ್ತದೆ. ಕಾಗದದ ಮೇಲೆ ತೈಲ ಚೆನ್ನಾಗಿ ಹೊರಬರುತ್ತದೆ, ಬಾವಿಯಲ್ಲಿ ನೀರು ಬರುತ್ತದೆ. ಒಡಲು ನೀರನ್ನು ತಾನಾಗಿ ಹೀರಿಕೊಂಡು ತೈಲ ಬಿಟ್ಟುಕೊಡುತ್ತದೆಯೇ ಎಂಬುದೂ ಇಲ್ಲಿ ನಿರ್ಣಾಯಕ. ಎಕೊಫಿಸ್ಕ್‌ನ ಚಾಕ್ ಹೀರಿಕೊಳ್ಳುವುದರಿಂದಲೇ 1987ರಿಂದ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನೀರು ತುಂಬಿಸುವುದು ಫಲ ಕೊಟ್ಟಿತು. ಆದರೆ ಬಹಳಷ್ಟು ಕಾರ್ಬೊನೇಟ್‌ಗಳ ಒಡಲು ತೈಲಕ್ಕೇ ಅಂಟಿಕೊಳ್ಳುವ ಸ್ವಭಾವದ್ದು. ಅಲ್ಲಿ ತುಂಬಿಸಿದ ನೀರು ಬಿರುಕಿನ ದಾರಿ ಹಿಡಿದು ನೇರವಾಗಿ ಪಕ್ಕದ ಬಾವಿಗೆ ತಲುಪುತ್ತದೆ.

ಮಾದರಿ ನಿಜವೇ ಎಂದು ಹೇಳುವುದು ಹರಿವಿನ ಪರೀಕ್ಷೆ ಮಾತ್ರ. ಕೋರ್‌ನ ಪ್ರಕಾರ 1 ಮಿಲಿಡಾರ್ಸಿಯ 50 ಮೀಟರ್ ಪದರ, ಗುಣಲಬ್ಧ 50. ಬಾವಿ ಪರೀಕ್ಷೆ 2,000 ಎನ್ನುತ್ತಿದ್ದರೆ ಉಳಿದದ್ದು ಎಲ್ಲಿಂದ ಬಂತು? ಬಿರುಕಿನಿಂದ ಅಥವಾ ಪೊಳ್ಳುಗಳಿಂದ. ಹರಿಯುತ್ತಿದ್ದ ಬಾವಿಯನ್ನು ಮುಚ್ಚಿದಾಗ ಒತ್ತಡ ಏರುವ ವಕ್ರರೇಖೆಯ ನಿಷ್ಪನ್ನದಲ್ಲಿ, ಎಂದರೆ ಅದರ ಬದಲಾವಣೆಯ ದರದಲ್ಲಿ, ಕಾಣುವ ತಗ್ಗು ಒಡಲು-ಬಿರುಕಿನ ವಿನಿಮಯದ ಗುರುತು. ತಗ್ಗಿನ ಆಳ ಬಿರುಕಿನಲ್ಲಿರುವ ದ್ರವದ ಪಾಲನ್ನು, ಅದು ಬರುವ ಹೊತ್ತು ವಿನಿಮಯದ ವೇಗವನ್ನು ಹೇಳುತ್ತದೆ. ಬಾವಿಯನ್ನು ಮೇಲ್ಗಡೆ ಮುಚ್ಚಿದರೆ ಬಾವಿಯೊಳಗಿನ ದ್ರವವೇ ಮೊದಲ ನಿಮಿಷಗಳನ್ನು ನುಂಗಿಬಿಟ್ಟು ಈ ತಗ್ಗು ಮರೆಯಾಗಬಹುದು. ಆದ್ದರಿಂದ ಕೆಳಗಡೆಯೇ ಮುಚ್ಚುವ ಸಾಧನ ಬಳಸಬೇಕು. ಬಾವಿಯೊಳಗೆ ಹರಿವುಮಾಪಕ ಇಳಿಸಿದಾಗ ಚಿತ್ರದಲ್ಲಿ ಕಂಡ ನೂರಾರು ಬಿರುಕುಗಳಲ್ಲಿ ಬೆರಳೆಣಿಕೆಯಷ್ಟೇ ಹರಿಸುತ್ತಿರುವುದು ಗೊತ್ತಾಗುತ್ತದೆ. ಆ ಕೆಲವು ಯಾವ ಗುಂಪಿನವು, ಯಾವ ಪದರದವು, ಯಾವ ಸ್ತರಭಂಗದ ಹತ್ತಿರದವು ಎಂದು ಗುರುತಿಸಿ, ಅಂಥವನ್ನೇ ಹುಡುಕುವಂತೆ ಮಾದರಿಯನ್ನು ತಿದ್ದಬೇಕು.

ಯಂತ್ರಕಲಿಕೆಯೂ ಈಗ ಈ ಕೆಲಸಕ್ಕೆ ಬಂದಿದೆ. ಹತ್ತಾರು ಸೀಸ್ಮಿಕ್ ಗುಣಲಕ್ಷಣಗಳನ್ನು ಬಾವಿಯ ಎಣಿಕೆಗೆ ಹೊಂದಿಸುವುದರಲ್ಲಿ ಅದು ಚುರುಕು. ತೊಂದರೆಯೆಂದರೆ ಕಲಿಸಲು ಇರುವ ಬಾವಿಗಳು ಹತ್ತೋ ಹದಿನೈದೋ. ಒಂದೇ ಬಾವಿಯ ಅಕ್ಕಪಕ್ಕದ ಮೀಟರುಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿದರೆ ಹೊಂದಾಣಿಕೆ ಅದ್ಭುತವಾಗಿ ಕಾಣುತ್ತದೆ, ಹೊಸ ಬಾವಿಯಲ್ಲಿ ಕುಸಿಯುತ್ತದೆ. ಇಡೀ ಬಾವಿಯನ್ನೇ ಪಕ್ಕಕ್ಕಿಟ್ಟು, ಅದರ ಬಗ್ಗೆ ಏನೂ ಹೇಳದೆ, ಮಾದರಿ ಅದನ್ನು ಊಹಿಸಬಲ್ಲುದೇ ಎಂದು ನೋಡಬೇಕು. ಯಾವ ವಿಧಾನಕ್ಕಾದರೂ ಇದೇ ಪರೀಕ್ಷೆ.

ಒಂದು ನಕ್ಷೆ ಮಾಡಿಟ್ಟರೆ ಅದು ಶಾಶ್ವತವೂ ಅಲ್ಲ. ತೈಲ ತೆಗೆದಂತೆ ದ್ರವದ ಒತ್ತಡ ಇಳಿಯುತ್ತದೆ, ಬಂಡೆಯ ಭಾರ ಹಾಗೇ ಇರುತ್ತದೆ, ಬಿರುಕಿನ ಮುಖಗಳು ಹತ್ತಿರ ಬರುತ್ತವೆ. ತೆರಪು ಐದನೇ ಒಂದು ಭಾಗದಷ್ಟು ಕುಗ್ಗಿದರೂ ಹರಿವು ಅರ್ಧಕ್ಕೆ ಇಳಿಯುತ್ತದೆ. ಖನಿಜದ ಕಂಬಗಳಿರುವ ಬಿರುಕು ಹೆಚ್ಚು ಕಾಲ ತಾಳುತ್ತದೆ, ಬರಿಯ ಒತ್ತಡದ ಸಮತೋಲದಿಂದ ತೆರೆದಿದ್ದದ್ದು ಮೊದಲು ಮುಚ್ಚುತ್ತದೆ. ಅದಕ್ಕಾಗಿ ಮೊದಲ ವರ್ಷದ ಬಾವಿ ಪರೀಕ್ಷೆಯನ್ನು ಅದೇ ಬಾವಿಯಲ್ಲಿ ಕೆಲವು ವರ್ಷಗಳಿಗೊಮ್ಮೆ ಮತ್ತೆ ನಡೆಸಿ, ಒತ್ತಡ ಎಷ್ಟು ಇಳಿದಾಗ ಪಾರಗಮ್ಯತೆ ಎಷ್ಟು ಇಳಿಯಿತು ಎಂದು ಜೋಡಿಸಿ ನೋಡಬೇಕು. ಮುಂದಿನ ಬಾವಿಯನ್ನು ಎಲ್ಲಿ, ಯಾವ ದಿಕ್ಕಿಗೆ ಕೊರೆಯಬೇಕು ಎಂಬ ಲೆಕ್ಕ ಆ ಹೊಸ ಅಂಕಿಗಳಿಂದ ಮತ್ತೆ ಶುರುವಾಗುತ್ತದೆ.